ಏಳನೆಯದು

ಹಾಸನದ ದೊಡ್ಡಾಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ
ಚೀಟಿ ಬರೆಯುವವಳು ನಾನು.
ಸರ್ಪಸುತ್ತು ಅಂತ ಬಂದವರಿಗೆ ಡಾಕ್ಟರು ಮಾತ್ರೆ ಕೊಡುತ್ತಾರೆ.
ಈಚೆ ಬಂದು ಅವರು ನನ್ನ ಕಿಟಕಿಗೆ ಬಾಗಿ
ದನಿ ಇಳಿಸುತ್ತಾರೆ:
'ಮಂತ್ರ ಹಾಕೋರು ಯಾರಾದ್ರೂ ಗೊತ್ತೇನಮ್ಮ?'

ಗೊತ್ತಿಲ್ಲ ಎನ್ನುತ್ತೇನೆ.
ಚೀಟಿಯ ಬೆನ್ನಿಗೆ ವಿಳಾಸ ಬರೆಯುತ್ತೇನೆ, ನನ್ನದೇ:
ಹಿಟ್ಟಿನ ಗಿರಣಿ ಹಿಂದಿನ ವಠಾರ, ಸಂಜೆ ಆರರ ಮೇಲೆ.
ಮಾತ್ರೆ ಬಿಡಬೇಡಿ ಅಂತಲೂ.

ಕೆಮ್ಮಣ್ಣು, ಹುಂಜದ ಗರಿ,
ಗುಳ್ಳೆಯ ಸುತ್ತ ಒಂದು ಗೆರೆ, ತಲೆ ಬಾಲ ಕೂಡದ ಹಾಗೆ.
ಉಪ್ಪು ಬಿಡಬೇಕು. ದುಡ್ಡು ಮುಟ್ಟುವಂತಿಲ್ಲ.
ವಾಸಿಯಾಯ್ತಾ ಅಂತ ನಾನು ಕೇಳುವಂತಿಲ್ಲ,
ಹೋಗಿಬರ್ತೀನಿ ಅಂತ ಅವರು ಹೇಳುವಂತಿಲ್ಲ.

ಮಹಡಿಯ ಬಾಡಿಗೆ ಹುಡುಗಿ ಲಿಖಿತ.
ಹುಣ್ಣಿಮೆಗೆ ಗೆಳತಿಯರ ಜೊತೆ ತಾರಸಿಯಲ್ಲಿ
ಮೇಣದಬತ್ತಿ ಹಚ್ಚಿ ಸುತ್ತ ಕೂರುತ್ತಾಳೆ,
ಬಟ್ಟೆ ಒಣಹಾಕಲು ಹೋದವರಿಗೂ ಇಸ್ಪೀಟಿನಂಥ ಎಲೆ ಹಾಸಿ ಭವಿಷ್ಯ ಹೇಳುತ್ತಾಳೆ.
'ಬಚ್ಚಿಟ್ಟಿದ್ದು ಬೂಷ್ಟು ಹಿಡಿಯುತ್ತೆ ಆಂಟಿ, ನನಗೆ ಕಲಿಸಿ.'
ಬಾಯಿಬಿಟ್ಟರೆ ಕೈಬಿಡುತ್ತೆ ಮಗೂ,
ನಮ್ಮೂರ ಅಮ್ಮನೇ ವರ್ಷವಿಡೀ ಬಾಗಿಲು ಹಾಕಿಕೊಂಡಿರಲ್ವಾ?
'ವರ್ಷಕ್ಕೊಂದ್ಸಲ ತೆಗೀತಾಳಲ್ಲ!'

ಅವಳಿಗೇನು ಗೊತ್ತು.
ಗ್ರಹಣದ ದಿನ ಗೊರೂರಿನ ಹೊಳೆಯಲ್ಲಿ
ಸೊಂಟದ ಮಟ್ಟ ನಿಲ್ಲಿಸಿ
ಕೆಂಚಮ್ಮತ್ತೆ ಕಿವಿಗೆ ಹನ್ನೊಂದು ಮಾತು ಹಾಕಿದಳು,
ಒಂದೇ ಸಲ.
ಏಳನೆಯದಕ್ಕೆ ಸೇತುವೆ ಮೇಲೆ ಲಾರಿ ಹಾರನ್.
ಮತ್ತೆ ಕೇಳಬಾರದು. ಕೇಳಲಿಲ್ಲ.
ಮುಂದಿನ ಗ್ರಹಣಕ್ಕೆ ಅವಳಿರಲಿಲ್ಲ.

ಇಪ್ಪತ್ತಾರು ವರ್ಷದಿಂದ
ಆರರ ದಡದಲ್ಲಿ ಒಂದು ಉಸಿರು ಎಳೆದುಕೊಂಡು
ಎಂಟಕ್ಕೆ ಹಾರುತ್ತಿದ್ದೇನೆ.
ಗುಳ್ಳೆಗಳೇನೋ ಒಣಗಿವೆ.
ಮಾತ್ರೆಯೋ, ಮಣ್ಣೋ, ಆ ಉಸಿರೋ,
ಕೇಳುವಂತಿಲ್ಲವಲ್ಲ.
ಇಷ್ಟು ದಿನ ನಾನು ಮುಚ್ಚಿಟ್ಟದ್ದು
ಇದ್ದ ಹತ್ತನ್ನಲ್ಲ.

ನಿನ್ನೆ ಕರೆಂಟು ಹೋದಾಗ ಹೇಳಿಬಿಟ್ಟೆ.
ಮಂಚದ ಮೇಲೆ ಅವಳ ಫೋನು ಕೇಳಿಸಿಕೊಳ್ಳುತ್ತಿತ್ತು.
ಐದು. ಆರು.
ಗಿರಣಿಯೂ ನಿಂತಿತ್ತು.
ಎಂಟು.

'ನಡುವೆ ಏನಿದೆ ಆಂಟಿ?'
ಲಾರಿ, ಎಂದೆ.
ನಗಲಿಲ್ಲ.
ಫೋನು ಎತ್ತಿಕೊಂಡಳು. ಅಳಿಸಿದಳೋ ಉಳಿಸಿದಳೋ,
ಮುಖದ ಮೇಲೆ ಬೆಳಕು ಬಂದು ಹೋಯಿತು.
ಕತ್ತಲಲ್ಲೇ ಚಪ್ಪಲಿ ಹುಡುಕಿ ಮೆಟ್ಟಿ
ಹೋಗಿಬರ್ತೀನಿ ಅನ್ನದೆ
ಮೆಟ್ಟಿಲು ಹತ್ತಿದಳು.