ಮೂರು ಬೆರಳು ತಂತಿ

ಹಾಸನದಲ್ಲಿ ಎರಡು ದಿನದ ತರಬೇತಿ.
ಉಂಡು ತೂಕಡಿಸುವ ಹೊತ್ತಿಗೆ ಹೇಳಿಕೊಟ್ಟರು:
ಕೋಲು ನೆಟ್ಟಗಿರಲಿ,
ಗುಳ್ಳೆ ನಡುವೃತ್ತದಲ್ಲಿ ನಿಲ್ಲಲಿ,
ಫ್ಲೋಟ್ ಅಂದರೆ ಇನ್ನೂ ಅನುಮಾನ,
ಫಿಕ್ಸ್ ಅಂದರೆ ನಂಬಿ.

ಸಹಿ ಹಾಕಿ ಪೆಟ್ಟಿಗೆ ತಗೊಂಡೆ.
ಕರಿ ಸ್ಪಂಜಿನ ಗೂಡಲ್ಲಿ
ಬಿಳಿ ಅಣಬೆಯಂಥ ರಿಸೀವರು.
ತೊಡೆಯ ಮೇಲಿಟ್ಟುಕೊಂಡು ಅರಸೀಕೆರೆ ಬಸ್ಸು ಹತ್ತಿದರೆ
ನನಗೆ ಸೊನ್ನೆ ಟಿಕೆಟ್ಟು,
ಅದಕ್ಕೆ ಲಗೇಜು ಹರಿದ ಕಂಡಕ್ಟರು.

ಜಾವಗಲ್ಲಿನಾಚೆ ಒಂದು ಹೊಲ.
ಹದ್ದುಬಸ್ತಿಗೆ ಅರ್ಜಿ ಹೊಂಬಾಳಮ್ಮನದು.
ಬಾಜುದಾರ ಅಜ್ಜೇಗೌಡ ನೋಟಿಸಿಗೆ ಹೆಬ್ಬೆಟ್ಟೊತ್ತಿ
ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ.
ಬಾಂದು ಜವಾನ ಮೂಡ್ಲಗಿರಿಯಪ್ಪ
ಹೆಗಲಿಗೆ ಹಳೇ ಸರಪಳಿ ಹಾಕಿಕೊಂಡೇ ಬಂದರು,
ತನ್ನಿ ಎಂದು ಯಾರೂ ಹೇಳಿರಲಿಲ್ಲ.
"ಇರ್ಲಿ ಮೇಡಮ್ಮೋರೆ, ಇದಕ್ಕೆ ಚಾರ್ಜು ಬೇಕಾಗಿಲ್ಲ."

ನೆರಳಿದೆಯೆಂದು ಹುಣಸೆ ಮರದ ಕೆಳಗೆ ಶುರುಮಾಡಿದೆ.
ನಾಕು ಉಪಗ್ರಹ. ಆರು. ಮತ್ತೆ ನಾಕು.
ಪಾಸ್‌ವರ್ಡು ತಪ್ಪೆಂದಿತು, ಸರಿಯೆಂದಿತು,
ಸಿಗ್ನಲ್ಲಿಗೆ ಒಂದೇ ಕಡ್ಡಿ,
ಫ್ಲೋಟ್, ಫ್ಲೋಟ್ ಎಂದು ಹಳದಿಯಾಗಿ ಮಿಣುಕಿತು.
"ಏನವ್ವ, ಆಗ್ಲೇ ಕೆಟ್ಟೋಯ್ತಾ ಸರ್ಕಾರದ್ದು?"
ಅಜ್ಜೇಗೌಡನಿಗೆ ಮೊದಲ ಸಲ ಲವಲವಿಕೆ.
ಮೂಡ್ಲಗಿರಿಯಪ್ಪ ಕೊಂಬೆ ನೋಡಿದರು, ಮುಗಿಲು ನೋಡಿದರು.
"ಅದು ಮ್ಯಾಲಿಂದ ಕೇಳಿಸ್ಕಬೇಕಲ್ವ್ರಾ?
ಬಿಸಿಲಿಗೆ ಬನ್ನಿ."

ಹುರುಳಿ ಕಿತ್ತ ಬಯಲಲ್ಲಿ ಹತ್ತೊಂಬತ್ತು. ಇಪ್ಪತ್ತಾರು.
ಹಸಿರು.
ನನಗೆ ಕೂಗಬೇಕೆನಿಸಿತು. ಗುಳ್ಳೆಯನ್ನೇ ನೋಡುತ್ತ ಸುಮ್ಮನಿದ್ದೆ.
ಹಗಲಲ್ಲಿ ಕಾಣದವು ನೆತ್ತಿಯ ಮೇಲೆ ಓಡಾಡುತ್ತಿವೆ,
ಅರ್ಜಿ ಓದದೆ,
ಯಾರ ಹೊಲ ಯಾರದೆಂದು ಕೇಳದೆ.

ಮೂಲೆಗಲ್ಲುಗಳನ್ನು ಮುಟ್ಟಿ, ಹಳೇ ಟಿಪ್ಪಣಿಯ ಅಳತೆ ತುಂಬಿ
ಕಾಣೆಯಾದ ಬಾಂದು ಹುಡುಕಲು ಹೊರಟೆವು.
ಮುಂದೆ ಮೂರು ಮೀಟರು, ಎಡಕ್ಕೆ ಅರ್ಧ,
ಸ್ವಲ್ಪ ಹಿಂದೆ, ಇಷ್ಟೇ ಇಷ್ಟು ಹಿಂದೆ, ಇಲ್ಲಿ.
ಮೊಣಕೈ ಆಳ ಅಗೆದರೆ
ಕೆಂಜಿಗ, ಒಂದು ಬಳೆಚೂರು.
ಕಲ್ಲಿಲ್ಲ.

"ಅಲ್ಲಲ್ಲ, ಇಲ್ಲಿ." ಎರಡಡಿ ಆಚೆ,
ಅಜ್ಜೇಗೌಡನ ಕಡೆಗೆ, ಲಂಟಾನ ಸರಿಸಿ
ಮೂಡ್ಲಗಿರಿಯಪ್ಪ ಕಾಲಲ್ಲಿ ಒದ್ದರೆ ಟಣ್ ಅಂತು.
ತಲೆಯ ಮೇಲೆ ಉಳಿ ಗುರುತು.
"ಎಂಬತ್ತೊಂಬತ್ತರಾಗೆ ನಾನೇ ನೆಟ್ಟಿದ್ದು.
ನಿಮ್ ಮಿಷನ್ನು ತಪ್ಪು."
ಎರಡಡಿಯ ನಡುವೆ ಹೊಂಬಾಳಮ್ಮನ ತೆಂಗು
ಗೊನೆ ಬಿಟ್ಟು ನಿಂತಿದೆ.

ಮತ್ತೆ ಆನ್ ಮಾಡಿದೆ. ಮತ್ತೆ ಅದೇ ಜಾಗ.
ಮೂರನೇ ಸಲಕ್ಕೆ ಅವರು ಮಾತು ಬಿಟ್ಟು
ಸರಪಳಿ ಬಿಚ್ಚಿದರು. ನೆಲದ ಮೇಲೆ ಎಳೆದು ಹಾಸಿ
ಜಪಮಣಿಯಂತೆ ಕೊಂಡಿ ಎಣಿಸುತ್ತ ಹೋಗಿ
ಏಳನೇ ಆಣೆಯ ಹತ್ತಿರ ಬೆರಳು ನಿಂತಿತು.

ಬೇಲಿ ತಂತಿ. ತುಕ್ಕು ಹಿಡಿದ ಎರಡು ಸುತ್ತು.

"ಕೊಂಡಿ ಕಿತ್ತೋಗಿತ್ತು ಆ ವರ್ಷ.
ಇಂಡೆಂಟು ಹಾಕಿದ್ರು, ಬರ್ಲಿಲ್ಲ.
ಕೆಲ್ಸ ನಿಲ್ಬಾರ್ದು ಅಂತ ನಾನೇ ಕಟ್ಟಿದ್ದೆ."
ತಂತಿಗೆ ಬೆರಳಿಟ್ಟು ನೋಡಿದೆ, ಮೂರು ಬೆರಳು ಹೆಚ್ಚು.
ಈ ಬದುವಿಗೆ ಹತ್ತು ಸರಪಳಿ.
ಲೆಕ್ಕ ನನಗಿಂತ ಮೊದಲು ಅವರಿಗೇ ಬಂತು.

ಅಜ್ಜೇಗೌಡ ಬದು ಇಳಿದು ಹತ್ತಿರ ಬಂದ.
ಹೊಂಬಾಳಮ್ಮ ಮಿಷನ್ನನ್ನು ನೋಡಲಿಲ್ಲ, ಮರವನ್ನೂ ನೋಡಲಿಲ್ಲ,
ಮೂಡ್ಲಗಿರಿಯಪ್ಪನ ಮುಖ ನೋಡಿ
"ಅವತ್ತು ನಮ್ಮನೇಲೇ ಉಂಡಿದ್ಯಲ್ಲಪ್ಪ" ಎಂದಳು.

ಆ ವರ್ಷ ಇನ್ನೆಷ್ಟು ಹೊಲ ಅಳೆದಿರಿ?
ನಾನು ಕೇಳಲಿಲ್ಲ.
ಕೇಳದಿದ್ದರೂ ಅವರ ತುಟಿ ಅಲುಗುತ್ತಿತ್ತು:
ಬಾಣಾವರ, ಹಾರನಹಳ್ಳಿ, ಕಣಕಟ್ಟೆ,
ಗಂಡಸಿಯ ಆ ಕೆರೆ ಹಿಂದಲದು...

ಬಿಂದುವಿಗೆ ಹೆಸರು ಕೊಡಿ, ಅಂತು ಪರದೆ.
ಕಲ್ಲು ಎಂದು ಬರೆದು ಅಳಿಸಿದೆ.
ಉಳಿಸಬೇಕೆಂದರೆ ಗುಳ್ಳೆ ನಡುವೆ ಕೂರುತ್ತಿಲ್ಲ.
ಕೋಲು ಹಿಡಿದಿದ್ದವರು ಮೂಡ್ಲಗಿರಿಯಪ್ಪ.