ಆ ಇನ್ನೊಂದು

ಟಾಡ್ಮರ್ಡನ್ನಿನ ಲೈಬ್ರರಿಯಲ್ಲಿ ಶನಿವಾರ ಸಂಗೀತ.
ನಲವತ್ತು ಕುರ್ಚಿ, ಎರಡು ತಟ್ಟೆ ಬಿಸ್ಕತ್ತು,
ಒಂದು ಫಾರಮ್ಮು.

ಫಾರಮ್ಮಿಗೆ ನನ್ನ ಮೇಲೆ ನಂಬಿಕೆಯಿಲ್ಲ.
ಮಟ್ಟು ಯಾವುದು, ಕಟ್ಟಿದವರು ಯಾರು,
ಇದ್ದಾರೋ ಸತ್ತರೋ, ಸತ್ತರೆ ಯಾವ ಇಸವಿ,
ಕೇಳುವ ಕಿವಿಗಳೆಷ್ಟು, ಟಿಕೆಟ್ಟಿಗೆಷ್ಟು.
"ಸೀಡಿ ಹಾಕಿದರೆ ಬೇರೆ ದುಡ್ಡು,
ಕೈಯಲ್ಲಿ ನುಡಿಸಿದರೆ ಬೇರೆ" ಅನ್ನುತ್ತಾಳೆ ಗ್ಲೆನಿಸ್,
ಮೂವತ್ತು ವರ್ಷ ಇದೇ ಮೇಜಿನಲ್ಲಿ ಕೂತು
ದಂಡ ಕಟ್ಟಿಸಿಕೊಂಡವಳು.
ಪುಸ್ತಕಕ್ಕೆ ತಡವಾದರೆ ದಂಡ;
ಹಾಡಿಗೆ ಬಾಯಿ ತೆರೆಯುವ ಮುಂಚೆಯೇ.

ನುಡಿಸುವವರು ವಿಲ್ಫ್ರೆಡ್ ಹಾರ್ಗ್ರೀವ್ಸ್. ಎಂಬತ್ತೊಂದು.
ಬಸ್ಸು ಓಡಿಸುತ್ತಿದ್ದ ಮನುಷ್ಯ.
ಎದೆಗವಚಿಕೊಂಡ ಅಕಾರ್ಡಿಯನ್ನೂ ಚರ್ಚಿನದು, ಎರವಲು.
ಐದು ಮಟ್ಟು ಹೇಳಿದರು, ಬರೆದುಕೊಂಡೆ.
ನಾಲ್ಕಕ್ಕೆ ಹೆಸರಿತ್ತು, ಕಟ್ಟಿದವರು ಸತ್ತ ಇಸವಿಯಿತ್ತು.
ಐದನೆಯದಕ್ಕೆ ಕೆಮ್ಮಿದರು.
"ಅದು ನಂದೇ.
ಕೊನೇ ಸ್ಟಾಪಿನಲ್ಲಿ ಎಂಜಿನ್ ಆರಿಸಿ ಕೂತಾಗ ಬಂತು."

ಇನ್ನು ನೋಡಿ ಫಜೀತಿ.
ಸಂಘದ ಸದಸ್ಯರೇ? ಅಲ್ಲ.
ಹಾಗಾದರೆ ಹಕ್ಕುದಾರರ ಒಪ್ಪಿಗೆ ಪತ್ರ ಬೇಕು:
ವಿಲ್ಫ್ರೆಡ್ ಹಾರ್ಗ್ರೀವ್ಸ್ ಅವರಿಗೆ
ವಿಲ್ಫ್ರೆಡ್ ಹಾರ್ಗ್ರೀವ್ಸ್ ಬರೆದುಕೊಡುವುದೇನೆಂದರೆ...
ನಕ್ಕರು. ಕನ್ನಡಕ ಹುಡುಕಿದರು.
ಸಹಿ ಹಾಕುವ ಮುನ್ನ ಕೇಳಿದರು,
"ನಾನು ಹೋದ ಮೇಲೆ?"
"ಎಪ್ಪತ್ತು ವರ್ಷ ನಿಮ್ಮದೇ" ಅಂದೆ,
ನಿಯಮದ ಪುಟಕ್ಕೆ ಬೆರಳಿಟ್ಟು.

ಪೆನ್ನು ಕೆಳಗಿಟ್ಟರು.
ಇರುವ ಮನೆ ಕೌನ್ಸಿಲ್ಲಿನದು. ಬಾಯೊಳಗಿನ ಹಲ್ಲು ಸರ್ಕಾರದ್ದು.
ಹೆಂಡತಿ ಡೋರೀನಳನ್ನು ಮಲಗಿಸಿದ ಆರಡಿ ಮಣ್ಣೂ
ಐವತ್ತೇ ವರ್ಷದ ಗುತ್ತಿಗೆ.
"ಎಪ್ಪತ್ತಾ?" ಅಂದರು,
ಅಂಗಡಿಯವ ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟಾಗ
ಕೈ ಮಡಚಲೂ ಆಗದೆ, ಹಿಂದೆ ಚಾಚಲೂ ಆಗದೆ
ನಿಂತವರ ಹಾಗೆ.

ನಮ್ಮ ಕಡೆ ಪದ ಕಟ್ಟಿದವರು
ಕೊನೆಯ ಸಾಲಿನಲ್ಲಿ ಅಂಕಿತ ಇಡುತ್ತಿದ್ದರು,
ತಮ್ಮ ಹೆಸರಲ್ಲ, ತಮ್ಮ ದೇವರದು.
ಆ ಲೆಕ್ಕದಲ್ಲಿ ಹಕ್ಕುದಾರನಿಗೆ ಸಾವಿಲ್ಲ,
ಎಪ್ಪತ್ತು ಶುರುವಾಗುವುದೇ ಇಲ್ಲ.
ಗ್ಲೆನಿಸ್‌ಗೆ ಹೇಳಿದೆ.
"ಆ ದೇವರು ಸದಸ್ಯನೋ?" ಅಂದಳು, ತಲೆಯೆತ್ತದೆ.

ಉಳಿದದ್ದು ಒಂದು ಕಾಲಂ: ಹೆಸರು.
ಅರವತ್ತು ವರ್ಷ ಹೆಸರಿಲ್ಲದೆ ಬಾಳಿದ ಮಟ್ಟು.
ಮಿಕ್ಕವೆಲ್ಲ ನುಡಿಸಿ ಮುಗಿದ ಮೇಲೆ ಡೋರೀನ್
"ಈಗ ಆ ಇನ್ನೊಂದು" ಅನ್ನುತ್ತಿದ್ದಳಂತೆ, ಪಾತ್ರೆ ಒರೆಸುತ್ತ.
ಹಾಗೇ ಬರೆದೆ. ಆ ಇನ್ನೊಂದು.
ಅವಧಿ: ಎರಡು ನಿಮಿಷ ನಲವತ್ತು ಸೆಕೆಂಡು.

ಶನಿವಾರ ಅಕಾರ್ಡಿಯನ್ ದೀರ್ಘ ಉಸಿರೆಳೆದುಕೊಂಡಿತು,
ದಿಣ್ಣೆ ಹತ್ತುವ ಮುಂಚೆ ಗೇರು ಬದಲಿಸಿದಂತೆ.
ನಾಲ್ಕು ಚೆನ್ನಾಗಿದ್ದವು.
ಐದನೆಯದರಲ್ಲಿ ಎರಡು ಕಡೆ ಬೆರಳು ತಪ್ಪಿತು.
ಯಾರಿಗೂ ಗೊತ್ತಾಗಲಿಲ್ಲ,
ತಪ್ಪೆಂದು ಹೇಳಬಲ್ಲವರು ಈ ಲೋಕದಲ್ಲಿ ಅವರೊಬ್ಬರೇ.

ಬಂದವರು ಹನ್ನೊಂದು ಮಂದಿ.
ನಾನು ಹನ್ನೆರಡು ಬರೆದೆ;
ಬಾಯ್ಲರ್ ರಿಪೇರಿಗೆ ಬಂದ ಹುಡುಗ
ಸ್ಪ್ಯಾನರ್ ಹಿಡಿದವನು ಹಿಡಿದ ಹಾಗೆಯೇ
ಬಾಗಿಲಲ್ಲಿ ನಿಂತಿದ್ದ, ಕೊನೆಯದು ಮುಗಿಯುವ ತನಕ.
ಸೋಮವಾರ ಗ್ಲೆನಿಸ್ ಹೊಡೆದುಹಾಕಿದಳು:
"ಅವನು ಕೂತಿರಲಿಲ್ಲ."