ಭರತಿಯ ವೇಳೆ

ಬೈತಖೋಲದ ಬಂದರು ಕಚೇರಿಯ ಕಪ್ಪುಹಲಗೆಯ ಮೇಲೆ
ಮೂವತ್ತೊಂದು ವರ್ಷ ನಾನೇ ಬರೆದದ್ದು:
ಭರತಿ ಇಷ್ಟಕ್ಕೆ, ಇಳಿತ ಇಷ್ಟಕ್ಕೆ.
ನಿವೃತ್ತಿಯಾದ ಮೇಲೆ ಸಭೆಯ ಜಮಾಖರ್ಚಿನ ವಹಿ ಕೈಗೆ ಬಂತು.

ಈಗ ಮೇಲಿನಿಂದ ಕಾಗದ:
ಪಾಲಕರು ಯಾರೆಂದು ನಾವು ಹೇಳುತ್ತೇವೆ,
ನೀವು ಕೂತು ಕೇಳಿ.
ಹತ್ತೊಂಬತ್ತು ಮನೆಯ ಸಭೆ ನಮ್ಮದು,
ಕೂರಲಿಕ್ಕೆ ಬೆಂಚಿಗೇನೂ ಕೊರತೆಯಿಲ್ಲ.

ಆರಾಧನೆ ಮುಗಿದು ಚಹಾದ ಹೊತ್ತಿಗೆ
ಸುಗಂಧಿನಿ ಟೀಚರು ಸ್ಕಾಟ್ಲೆಂಡಿನ ಕತೆ ತೆಗೆದರು.
ರಾಜ ಕಳಿಸಿದ ಪ್ರಾರ್ಥನೆ ಪುಸ್ತಕ ಬೇಡವೆಂದವರು,
ಸಭೆಗೆ ತಲೆ ಒಬ್ಬನೇ, ಅವನ ಕಿರೀಟ ಮುಳ್ಳಿನದು ಎಂದವರು,
ತೊಗಲಿನ ಹಾಳೆಗೆ ಸಾಲುಗಟ್ಟಿ ಸಹಿ ಹಾಕಿದವರು;
ಜಾಗ ಸಾಲದೆ ಅಂಚಿನಲ್ಲಿ ಬರೇ ಮೊದಲಕ್ಷರ.
ಆಮೇಲೆ ಗುಡಿಯಿಲ್ಲ, ಗಂಟೆಯಿಲ್ಲ,
ಬೋಳುಗುಡ್ಡದಲ್ಲಿ ಒಬ್ಬನನ್ನು ಕಾವಲಿಗಿಟ್ಟು
ಗಾಳಿಗೆ ಬೆನ್ನುಕೊಟ್ಟು ಕೀರ್ತನೆ.

ಮತ್ತೆ ಆ ಇಬ್ಬರು ಹೆಂಗಸರು.
ಸಮುದ್ರ ಬಿಟ್ಟುಹೋದ ಕೆಸರಲ್ಲಿ ಕಂಬ ನೆಟ್ಟು
ಮುದುಕಿಯನ್ನು ಆಚೆಗೆ, ಹುಡುಗಿಯನ್ನು ಈಚೆಗೆ ಕಟ್ಟಿದರಂತೆ,
ಹುಡುಗಿ ನೋಡಲಿ, ನೋಡಿ ಬಾಯಿಬಿಡಲಿ ಎಂದು.
ಬಿಟ್ಟಳು. ಕೀರ್ತನೆಗೆ.

ಟೀಚರು ಕನ್ನಡಕ ಒರೆಸಿದರು.
ಅಹರೋನ ಅಮ್ಮನ್ನ ಬಿಸ್ಕತ್ತಿನ ತಟ್ಟೆ ಮುಂದೆ ಮಾಡಿದ.
ನನಗೆ ಮಾತ್ರ ಚಹಾ ಗಂಟಲಲ್ಲೇ ನಿಂತಿತು:
ಅಂದು ಭರತಿ ಎಷ್ಟು ಹೊತ್ತಿಗೆಂದು
ಸಿಪಾಯಿಗಳಿಗೆ ಹೇಳಿದವನು ಯಾರು?
ಯಾರೋ ಹೇಳಿರಲೇಬೇಕು,
ಕಂಬ ಎಲ್ಲಿ ನೆಟ್ಟರೆ ನೀರು ಎಷ್ಟರಲ್ಲಿ ಸೊಂಟಕ್ಕೆ,
ಎಷ್ಟರಲ್ಲಿ ಗಲ್ಲಕ್ಕೆ.
ಕೆಟ್ಟವನಿರಲಿಕ್ಕಿಲ್ಲ ಪಾಪ.
ಕೇಳಿದರು, ಹೇಳಿದ.
ಲೆಕ್ಕ ಸರಿಯಿತ್ತು.

ಸಂಜೆ ಕೋಡಿಬಾಗಕ್ಕೆ ನಡೆದೆ.
ಕಾಳಿ ಸಮುದ್ರಕ್ಕೆ ಬೀಳುವಲ್ಲಿ, ಇಳಿತದ ಉಸುಕಲ್ಲಿ
ಸೀರೆ ಎತ್ತಿಕಟ್ಟಿ ಹೆಂಗಸರು ಬಳಚು ಹೆಕ್ಕುತ್ತಿದ್ದರು.
ನೀರು ತಿರುಗುವುದು ಯಾವಾಗ, ಎಂದೆ, ಗೊತ್ತಿದ್ದೂ.
ಒಬ್ಬಳು ಬುಟ್ಟಿಯಿಂದ ತಲೆಯೆತ್ತಲಿಲ್ಲ:
“ಕಾಲಿಗೆ ಗೊತ್ತಾಗ್ತದೆ.”

ಮನೆಯ ಮೇಜಿನ ಮೇಲೆ ಟೀಚರು ಕೊಟ್ಟ ಹಾಳೆ.
ಮೇಲೆ ಒಂದೇ ಶಬ್ದ, ಒಡಂಬಡಿಕೆ.
(ನಾನು ಕಂಡ ಒಡಂಬಡಿಕೆಗಳೆಲ್ಲ ಬಂದರಿನ ಗುತ್ತಿಗೆಯವು,
ಅಥವಾ ಹಳೆಯದು, ಹೊಸದು ಎಂದು ರಟ್ಟು ಕಟ್ಟಿದವು.)
ಕೆಳಗೆ ಹದಿನೆಂಟು ಮನೆಯ ಹೆಸರು,
ಮುದುಕಿ ಎಸ್ತೇರಮ್ಮನ ಹೆಬ್ಬೆಟ್ಟಿನ ನೀಲಿ,
ಅದರ ಪಕ್ಕ ನನಗೆಂದು ಬಿಟ್ಟ ಜಾಗ.
ಅಂಚಿನಲ್ಲಲ್ಲ, ನಟ್ಟನಡುವೆ.

ಇವತ್ತಿನ ಭರತಿ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ.
ಈಗ ಹತ್ತೂವರೆ.
ಕೋಡಿಬಾಗದಲ್ಲಿ ನೀರು ಸೊಂಟದ ತನಕ ಬಂದಿರಬೇಕು.
ಪೆನ್ನಿನ ಮುಚ್ಚಳ ತೆಗೆದಿಟ್ಟಿದ್ದೇನೆ.